ಮರುಹುಟ್ಟುಮನೆಗಳಿಗೆ ಸಿಕ್ಕ ಸಹಾಯಧನ

ಹುಬ್ಬಳ್ಳಿ, ೩೦ ಫೆಬ್ರವರಿ ೨೧೬೩

ನನಗಿಂತ ಐದು ತಲೆಮಾರು ಹಿಂದಿನವರೇ,

ತಾರೀಖು ತಪ್ಪಲ್ಲ, ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಕೆಲವು ಶಬ್ದಗಳೂ ನಿಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಿ. ನಾನು ನೀಲವ್ವ ಬಡಿಗೇರ. ದಾವಲಸಾಬ ಎಂಬವರೂ ನಾನೂ ಸೇರಿ ಹತ್ತೊಂಬತ್ತು ವರ್ಷ ಒಂದು ಮರುಹುಟ್ಟುಮನೆ ನಡೆಸಿದೆವು. ಅಂದರೆ, ಸವೆದ ತಂಪುಯಂತ್ರವನ್ನು ಪೂರ್ತಿ ಬಿಚ್ಚಿ, ಕೆಟ್ಟ ಭಾಗ ಬದಲಿಸಿ, ಹೊಸದರಷ್ಟೇ ಖಾತರಿ ಕೊಟ್ಟು ಮಾರುವ ಕಾರ್ಖಾನೆ. ಇಲ್ಲಿ ಮಾರ್ಚ್‌ನಿಂದ ನವೆಂಬರ್‌ವರೆಗೆ ತಂಪುಯಂತ್ರವಿಲ್ಲದ ಮನೆಯಲ್ಲಿ ಮಗು ನಿದ್ದೆ ಮಾಡುವುದಿಲ್ಲ, ಹಾಲು ಉಳಿಯುವುದಿಲ್ಲ. ನಮ್ಮ ಓಣಿಯೊಂದರಲ್ಲೇ ನಾಲ್ಕು ಮರುಹುಟ್ಟುಮನೆಗಳಿದ್ದವು. ಒಬ್ಬರು ಆರು ವರ್ಷ ಖಾತರಿ ಕೊಟ್ಟರೆ ಇನ್ನೊಬ್ಬರು ಏಳು ಕೊಡುತ್ತಿದ್ದರು. ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಲೇ ಎಲ್ಲರೂ ಒಳ್ಳೆಯ ಕೆಲಸ ಮಾಡಿದೆವು.

ಆಮೇಲೆ ಸರ್ಕಾರಕ್ಕೆ ನಮ್ಮ ಮೇಲೆ ಪ್ರೀತಿ ಹುಟ್ಟಿತು. ಮರುಹುಟ್ಟಿದ ಪ್ರತಿ ಯಂತ್ರಕ್ಕೂ ಸಹಾಯಧನ ಎಂದಿತು. ಓಣಿಯಲ್ಲಿ ಪೇಡೆ ಹಂಚಿದೆವು. ಆದೇಶ ಕೈಗೆ ಬಂದಾಗ ಕೊನೆಯಲ್ಲೊಂದು ಸಾಲಿತ್ತು: ಯಂತ್ರವನ್ನು ಮೊದಲು ತಯಾರಿಸಿದ ಕಂಪನಿಗೆ ಮಾತ್ರ. ಅಂಥ ಕಂಪನಿ ಇದ್ದದ್ದು ಒಂದೇ, ಶಿಶಿರಚಕ್ರ. ಸಹಾಯಧನದ ಬಲದಿಂದ ಅದು ಹಳೆ ಯಂತ್ರಗಳಿಗೆ ನಾವು ಕೊಡುತ್ತಿದ್ದುದರ ಎರಡರಷ್ಟು ಬೆಲೆ ಕೊಟ್ಟು ಮನೆಮನೆಯಿಂದ ಎತ್ತಿಕೊಂಡು ಹೋಯಿತು. ನಮಗೆ ಬಿಚ್ಚಲು ಯಂತ್ರವೇ ಸಿಗದಾಯಿತು. ಒಂದೂವರೆ ವರ್ಷದಲ್ಲಿ ನಮ್ಮದೊಂದು ಬಿಟ್ಟು ಓಣಿಯ ಉಳಿದ ಮೂರು ಕಾರ್ಖಾನೆಗಳು ಬಾಗಿಲು ಹಾಕಿದವು.

ಅಷ್ಟರಲ್ಲಿ ಶಿಶಿರಚಕ್ರದ ಹೊಸ ಯಂತ್ರವೊಂದು ನಮ್ಮ ಕೈಗೆ ಬಂತು. ದಾವಲಸಾಬರು ಬಿಚ್ಚಿ ನೋಡಿದರೆ ಒಳಗೆ ತಿರುಗುವ ದಂಡ ಮೊದಲಿನ ಅರ್ಧದಷ್ಟೇ ದಪ್ಪ. ಬೇಗ ಸವೆದರೆ ಬೇಗ ವಾಪಸು. ವಾಪಸು ಬಂದಷ್ಟು ಸಲವೂ ಸಹಾಯಧನ. ಆ ದಂಡವನ್ನು ಹಿಡಿದುಕೊಂಡೇ, ಸಹಾಯಧನದ ಬಗ್ಗೆ ಸರ್ಕಾರ ಧಾರವಾಡದಲ್ಲಿ ನಡೆಸಿದ ವಿಚಾರಣೆಗೆ ಹೋದೆವು. ಅಧಿಕಾರಿ ನಯವಾಗಿಯೇ ಕೇಳಿದರು: "ಮರುಹುಟ್ಟಿನ ಸಂಖ್ಯೆ ಮೂರು ಪಟ್ಟು ಏರೇತಿ. ಇದರಾಗ ನಿಮ್ದೇನ್ರಿ ತಕರಾರು?"

"ಒಬ್ಬಾಂವನ ಮೂರ ಸಲ ದವಾಖಾನಿಗೆ ಬಂದ್ರ, ಊರಾಗ ಆರೋಗ್ಯ ಮೂರ ಪಟ್ಟು ಆತಂತ ಬರ್ಕೋತೀರೇನ್ರಿ ಸಾಹೇಬ್ರ?" ಎಂದರು ದಾವಲಸಾಬ.

ಅಧಿಕಾರಿ ಬರೆದುಕೊಂಡರು. ಏನು ಬರೆದುಕೊಂಡರೋ.

ಆ ಬೇಸಿಗೆಯಲ್ಲಿ ನಮ್ಮ ಬಾಗಿಲೂ ಮುಚ್ಚಿತು. ದಾವಲಸಾಬರು ಆ ಕಂಪನಿಗೇ ಕೆಲಸಕ್ಕೆ ಸೇರಿದರು. ಕಿವಿಗೊಟ್ಟು ಬೇರಿಂಗಿನ ರೋಗ ಹೇಳುತ್ತಿದ್ದ ಮನುಷ್ಯ ಈಗ ದಿನವಿಡೀ ನಾಲ್ಕು ತಿರುಪು ಬಿಗಿಸುತ್ತಾರೆ. ಎದುರಾಳಿಗಳೇ ಇಲ್ಲದ ಮೇಲೆ ಕಂಪನಿ ಬೆಲೆ ಏರಿಸಿತು, ಖಾತರಿಯನ್ನು ಒಂದೇ ವರ್ಷಕ್ಕೆ ಇಳಿಸಿತು. ನಾಲ್ಕು ವರ್ಷ ಕಳೆದು ಸರ್ಕಾರ ಎಚ್ಚೆತ್ತು, ಸಹಾಯಧನ ಇನ್ನು ಎಲ್ಲರಿಗೂ ಎಂದಿತು. ಅರ್ಜಿ ಹಾಕಿದೆ. ಕಳೆದ ಮೂರು ವರ್ಷ ಸತತವಾಗಿ ನಡೆದ ಕಾರ್ಖಾನೆಗಳಿಗೆ ಮಾತ್ರವಂತೆ. ಹಾಗೆ ನಡೆದದ್ದು ಒಂದೇ. ಅದರ ಹೆಸರನ್ನು ಇನ್ನೊಮ್ಮೆ ಬರೆಯಲು ನನಗೆ ಕೈ ಬರುತ್ತಿಲ್ಲ.

ನಿಮ್ಮ ಕಾಲದಲ್ಲಿ ಇಂಥದೊಂದು ಆದೇಶದ ಕರಡು ಯಾರದೋ ಮೇಜಿನ ಮೇಲಿರಬಹುದು. ಯಂತ್ರ ಎಷ್ಟು ಸಲ ಮರುಹುಟ್ಟಿತು ಎಂದಲ್ಲ, ಎಷ್ಟು ವರ್ಷ ಓಡಿತು ಎಂದು ನೋಡಲು ಅವರಿಗೆ ಹೇಳಿ. ಸಹಿಗೆ ಮುಂಚೆ ಒಂದು ಸಣ್ಣ ಕಾರ್ಖಾನೆಯವರನ್ನಾದರೂ ಕೂರಿಸಿಕೊಂಡು ಓದಿಸಿ. ಇದನ್ನು ನಾನೇ ಬಂದು ಹೇಳುತ್ತಿದ್ದೆ, ಆದರೆ ಬರಲು ದಾರಿಯಿಲ್ಲ, ಈಗ ಬಿಡುವೂ ಇಲ್ಲ. ನಾಳೆಯಿಂದ ನನಗೂ ಅಲ್ಲೇ ಕೆಲಸ, ದಾವಲಸಾಬರ ಪಕ್ಕದ ಮೇಜು.

ನೀಲವ್ವ