ಹೊಗೆ ಬೇರೆ, ಮುಗ್ಗಲು ಬೇರೆ

ಮನೆಯಿಂದ
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಪಾಪೂ,

ಹೇಗಿದ್ದೀಯಪ್ಪಾ? ಕ್ರೇನಿನ ಆ ಗೂಡಿನಲ್ಲಿ ಎಂಟೆಂಟು ಗಂಟೆ ಕೂತು ಹಿಡಿದುಕೊಂಡ ಸೊಂಟ ಈಗ ಸರಿಹೋಯಿತೇ? ನಾನು ಹೊಲಿದುಕೊಟ್ಟ ದಿಂಬನ್ನು ಬೆನ್ನಿಗಿಟ್ಟುಕೊಳ್ಳುತ್ತೀಯೋ, ಇಲ್ಲ ಜೊತೆಯವರು ನಗುತ್ತಾರೆಂದು ಮನೆಯಲ್ಲೇ ಬಿಟ್ಟು ಹೋಗುತ್ತೀಯೋ? ಮೊಮ್ಮಗಳ ಕೆಮ್ಮು ಬಿಟ್ಟಿತೇ? ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ಮೊನ್ನೆ ನೀನು ಫೋನಿನಲ್ಲಿ ಕೂಗಾಡಿ ಇಟ್ಟುಬಿಟ್ಟೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕಲಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಸೋದರತ್ತೆ ಹೇಳಿದ್ದು ನಿಜ. ಸಾಬೂನು ಕಾರ್ಖಾನೆಯಿಂದ ನಿವೃತ್ತಳಾದ ಮೇಲೆ ಕೈಕಟ್ಟಿ ಕೂರಲಾಗದೆ ಕೆಲಸಕ್ಕೆ ಸೇರಿದ್ದೇನೆ, ಅದೂ ವಿಸ್ಕಿ ತಯಾರಿಸುವ ಕಡೆ. ವಾರಕ್ಕೆ ಮೂರು ದಿನ, ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ಮೂಸಿ, ರುಚಿ ನೋಡಿ, ಉಗುಳಿ, ಅಭಿಪ್ರಾಯ ಬರೆದು ಸಹಿ ಹಾಕುವುದು. "ಅಪ್ಪನನ್ನ ತಿಂದಿದ್ದನ್ನೇ ನೀನು ಬಾಯಿಗಿಡ್ತೀಯಾ?" ಎಂದು ನೀನು ಕೇಳಿದೆ. ಕೆಲಸ ಬಿಡುವವರೆಗೂ ಈ ಹೊಸಿಲು ತುಳಿಯುವುದಿಲ್ಲ ಎಂದೆ. ಸರಿ. ಈಗ ನನ್ನದನ್ನೂ ಕೇಳು.

ಈ ಮೂಗು ಸಾಬೂನಿನ ಕೊಡುಗೆಯೆಂದು ಎಲ್ಲರೂ ತಿಳಿದಿದ್ದಾರೆ. ಇಪ್ಪತ್ತೆಂಟು ವರ್ಷ ಅಲ್ಲಿ ವಾಸನೆ ಪರೀಕ್ಷಿಸಿದ್ದು ಹೌದು, ಆದರೆ ಇದಕ್ಕೆ ಸಾಣೆ ಹಿಡಿದವರು ನಿನ್ನಪ್ಪ. ಸಂಜೆ ಅವರು ಗೇಟು ದಾಟುವ ಮೊದಲೇ ಏನು ಕುಡಿದಿದ್ದಾರೆ, ಎಷ್ಟು ಕುಡಿದಿದ್ದಾರೆ, ಊಟಕ್ಕೆ ತಟ್ಟೆ ಇಡಬೇಕೋ ಇಲ್ಲ ನಿನ್ನನ್ನು ಪುಸ್ತಕದ ಸಮೇತ ಪಕ್ಕದ ದರ್ಜಿಯ ಮನೆಗೆ ಅಟ್ಟಬೇಕೋ ಎಂಬುದು ಗಾಳಿಯಲ್ಲೇ ನನಗೆ ತಿಳಿಯುತ್ತಿತ್ತು. ಹದಿನೇಳು ವರ್ಷ ಹೆದರಿ ಹೆದರಿ ಕಲಿತ ವಿದ್ಯೆ. ಅವರು ಹೋಗಿ ಹನ್ನೊಂದು ವರ್ಷವಾದರೂ ವಿದ್ಯೆ ಹೋಗಿಲ್ಲ. ಅದನ್ನೇನು ಮಾಡಲಿ, ಬಾವಿಗೆ ಹಾಕಲೇ?

ಮೊದಲ ದಿನದ್ದು ಕೇಳು. ಬಿಳಿ ಮೇಜು, ದೊಡ್ಡ ಕಿಟಕಿ, ಬಾಯಿ ಕಿರಿದಾದ ಗಾಜಿನ ಲೋಟದಲ್ಲಿ ಒಂದು ಗುಟುಕಿನಷ್ಟು ಒಣಹುಲ್ಲಿನ ಬಣ್ಣದ ವಿಸ್ಕಿ. ಜೌಗು ನೆಲದಿಂದ ಅಗೆದು ತೆಗೆದ ಪೀಟ್ ಎಂಬ ಮಣ್ಣನ್ನು ಉರಿಸಿ, ಆ ಹೊಗೆಯಲ್ಲಿ ಬಾರ್ಲಿ ಒಣಗಿಸಿ ಮಾಡಿದ್ದಂತೆ. ಆಮೇಲೆ ಬರ್ಬನ್ ಎಂಬ ಮೆಕ್ಕೆಜೋಳದ ಮದ್ಯ ತುಂಬಿದ್ದ ಹಳೆಯ ಓಕ್ ಪೀಪಾಯಿಯಲ್ಲಿ ಎಂಟು ವರ್ಷ ಮಲಗಿತ್ತಂತೆ. ಮೂಗು ಹತ್ತಿರ ತಂದೆ. ನೀರೆರಚಿ ಆರಿಸಿದ ಬೆಂಕಿ, ಅದರ ಹಿಂದೆಯೇ ಗಾಯಕ್ಕೆ ಹಚ್ಚುವ ಟಿಂಚರು. ಮೂರು ಹನಿ ನೀರು ಬಿಟ್ಟು ಸ್ವಲ್ಪ ಕಾದೆ. ಹೊಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ ಹಾಗೆ ವೆನಿಲ್ಲಾ, ಹುರಿದ ಕೊಬ್ಬರಿ, ಒಂದಿಷ್ಟು ಜೇನು. ಅವೆಲ್ಲ ಪೀಪಾಯಿಯ ಮರ ಕೊಟ್ಟಿದ್ದು. ನಾಲಿಗೆಯ ಮೇಲೆ ಮೊದಲು ಸಿಹಿ, ಆಮೇಲೆ ಮೆಣಸಿನ ಖಾರ, ಕೊನೆಗೆ ಬೂದಿ. ನಿನ್ನಪ್ಪನ ವಾಸನೆ ಬರುತ್ತದೆಂದು ಕಾದೆ. ಬರಲಿಲ್ಲ ಪಾಪೂ. ಹಗಲು ಬೆಳಕಿನಲ್ಲಿ, ಯಾರಿಗೂ ಹೆದರದೆ ಮದ್ಯ ಮೂಸಿದ್ದು ಬದುಕಿನಲ್ಲಿ ಅದೇ ಮೊದಲು.

ಕಳೆದ ಬುಧವಾರದ್ದು ಹೇಳುತ್ತೇನೆ. ಏಳು ಪೀಪಾಯಿಗಳ ಮಾದರಿ ಇಟ್ಟಿದ್ದರು. ಎಲ್ಲವನ್ನೂ ಒಂದೇ ತೊಟ್ಟಿಗೆ ಸುರಿದು ಬೆರೆಸುವುದಿತ್ತು. ನಾಲ್ಕನೆಯದರಲ್ಲಿ ಹೊಗೆಯ ಅಡಿಯಲ್ಲಿ ಒದ್ದೆ ಗೋಣಿಚೀಲದ ವಾಸನೆ ಅಡಗಿ ಕೂತಿತ್ತು. ಮೂವತ್ತು ವರ್ಷ ಇದೇ ಕೆಲಸ ಮಾಡಿರುವ ಮುಖ್ಯಸ್ಥರು ಚೆನ್ನಾಗಿದೆ ಎಂದರು, ಉಳಿದ ಮೂವರೂ ತಲೆಯಾಡಿಸಿದರು. ನಾನು ಪೆನ್ನು ಕೆಳಗಿಟ್ಟೆ.

"ಹೊಗೆ ಅಂದ್ರೆ ಹೀಗೇ ಇರುತ್ತಮ್ಮಾ. ನಿಮಗೆ ಹೊಸದು, ಅಭ್ಯಾಸ ಆಗುತ್ತೆ," ಎಂದರು ಮುಖ್ಯಸ್ಥರು.

"ಹೊಗೆ ಬೇರೆ, ಮುಗ್ಗಲು ಬೇರೆ. ನಾನು ಸಹಿ ಹಾಕಲ್ಲ," ಎಂದೆ.

ಒಬ್ಬ ಕಿಸಕ್ಕನೆ ನಕ್ಕ. ಮುಖ್ಯಸ್ಥರ ಕಿವಿ ಕೆಂಪಾಯಿತು. ಸಹಿ ಹಾಕದವರಿಗೆ ಇಲ್ಲೇನು ಕೆಲಸ ಎಂದರು. ಹಾಗಾದರೆ ನಾಳೆಯಿಂದ ಬರುವುದಿಲ್ಲ, ಆದರೆ ಇವತ್ತು ಪೀಪಾಯಿ ತೋರಿಸಿ ಎಂದು ಪಟ್ಟು ಹಿಡಿದು ಕೂತೆ. ಕೊನೆಗೆ ಎಲ್ಲರೂ ಉಗ್ರಾಣಕ್ಕೆ ಹೋದೆವು. ಪೀಪಾಯಿ ರಿಪೇರಿಯವನು ಬಿರಡೆ ಕಿತ್ತು ಅಂಗೈಯಲ್ಲಿ ಮಗುಚಿದ. ಅಡಿಯಲ್ಲೆಲ್ಲ ಬೂದುಬಣ್ಣದ ಬೂಷ್ಟು. ಬೆರೆಸಿದ್ದರೆ ಉಳಿದ ಆರೂ ಅದರ ಜೊತೆ ಕೆಡುತ್ತಿದ್ದವು. ಮುಖ್ಯಸ್ಥರು ಬಿರಡೆಯನ್ನು ತಾವೂ ಮೂಸಿ ನೋಡಿದರು. ಆಮೇಲೆ ಅಭಿಪ್ರಾಯದ ಹಾಳೆಯ ಮೇಲಿದ್ದ ತಮ್ಮ ಸಹಿಯನ್ನು ತಾವೇ ಹೊಡೆದುಹಾಕಿ, ಶುಕ್ರವಾರ ಅರ್ಧ ಗಂಟೆ ಮೊದಲೇ ಬನ್ನಿ ಎಂದರು.

ಹೋದೆ. ನಾಳೆಯೂ ಹೋಗುತ್ತೇನೆ. ನಿನ್ನಪ್ಪ ನನ್ನಿಂದ ಕಿತ್ತುಕೊಂಡಿದ್ದು ಸಾಕಷ್ಟಿದೆ, ಉಳಿದಿರುವ ಈ ಒಂದನ್ನು ನಿನ್ನ ಕೋಪಕ್ಕಾಗಿ ಬಿಟ್ಟುಕೊಡುವವಳಲ್ಲ. ಹೊಸಿಲು ತುಳಿಯುವುದು ಬಿಡುವುದು ನಿನ್ನಿಷ್ಟ. ಬಾಗಿಲಿಗೆ ಚಿಲಕ ಹಾಕುವವಳು ನಾನಂತೂ ಅಲ್ಲ.

ಸೊಸೆಗೆ ನನ್ನ ನೆನಪು ಹೇಳು. ಮೊಮ್ಮಗಳ ಎರಡೂ ಕೆನ್ನೆಗೆ ನನ್ನ ಪರವಾಗಿ ಒಂದೊಂದು ಮುತ್ತು. ನಿನ್ನ ಕೈಕಾಲು ಗಟ್ಟಿಯಾಗಿರಲಿ, ಮನಸ್ಸು ತಣ್ಣಗಿರಲಿ.

ನಿನ್ನ
ಅಮ್ಮ

ಮರೆತಿದ್ದೆ: ಮರೆತಿದ್ದೆ ಎನ್ನುವುದು ಸುಳ್ಳು, ಇಷ್ಟು ಹೊತ್ತೂ ಇದನ್ನು ಬರೆಯಲು ಧೈರ್ಯ ಬಂದಿರಲಿಲ್ಲ. ಹೋದ ತಿಂಗಳು ಬಂದು ನನ್ನನ್ನು ತಬ್ಬಿಕೊಂಡಾಗ ನಿನ್ನ ಬಾಯಲ್ಲಿ ಪುದೀನಾ ಮಿಠಾಯಿ ಇತ್ತು, ಅದರ ಹಿಂದೆ ರಮ್ ಇತ್ತು. ಬೆಳಿಗ್ಗೆ ಹನ್ನೊಂದು ಗಂಟೆ. ಮಧ್ಯಾಹ್ನ ನೀನು ಕ್ರೇನ್ ಹತ್ತಬೇಕಿತ್ತು. ನಿನ್ನಪ್ಪನ ವಿಷಯದಲ್ಲಿ ಸುಮ್ಮನಿದ್ದ ಹಾಗೆ ಅವತ್ತೂ ಸುಮ್ಮನಿದ್ದೆ, ತಪ್ಪು ಮಾಡಿದೆ. ಇನ್ನು ಸುಮ್ಮನಿರಲ್ಲ. ಶನಿವಾರ ಮೊದಲ ಬಸ್ಸಿಗೆ ಬರುತ್ತಿದ್ದೇನೆ. ಡಾಕ್ಟರ ಹತ್ತಿರ ಇಬ್ಬರೂ ಹೋಗೋಣ. ನೀನು ಬೈದರೂ ಬರುತ್ತೇನೆ.