ಟ್ಯಾನ್ಸಿಗೆ ಎಷ್ಟು ಚಮಚ

ಅಕ್ಟೋಬರ್ 9, ಬೆಳಿಗ್ಗೆ 7

ನನ್ನ ಕುದುರೆ ಟ್ಯಾನ್ಸಿಗೆ ಎಂದಿನಂತೆ — ನೆನೆಸಿದ ಬೀಟ್ ತಿರುಳು ಅರ್ಧ ಬಕೆಟ್, ಹಳದಿ ಡಬ್ಬದ ವಿಟಮಿನ್ ಪುಡಿ ಎರಡು ಚಮಚ, ಗೊರಸು ಗಟ್ಟಿಯಾಗಲು ಗೊರಸಿನ ಪುಡಿ ಒಂದು. ನೆಕ್ಕಿ ನೆಕ್ಕಿ ಬಕೆಟ್ಟನ್ನೇ ಉರುಳಿಸಿದಳು. ಮಿಷಿಗನ್‌ನಲ್ಲಿ ಹನ್ನೊಂದು ವರ್ಷ ಇದೇ ಅಳತೆ. ಅಲ್ಲಿ ಲಾಯವಿತ್ತು. ಸೌತ್ ಡಕೋಟದ ಈ ಬಯಲಿನಲ್ಲಿ ಮೂರು ಗೋಡೆಯ ಶೆಡ್ಡು, ಮಿಕ್ಕಿದ್ದೆಲ್ಲ ಆಕಾಶ. ಹತ್ತೊಂಬತ್ತು ವರ್ಷದ ಕುದುರೆ, ಚಳಿಗಾಲ ಪೂರ್ತಿ ಹೊರಗೇ ಇರಬೇಕು. ಯಾವುದೂ ಕಡಿಮೆ ಬೀಳಬಾರದು.

ಅಣ್ಣ ಆರ್ವಿಡ್ ಬೇಲಿಗೆ ಒರಗಿ ನೋಡುತ್ತಿದ್ದ. ಹುಲ್ಲು, ಉಪ್ಪು, ನೀರು ಇದ್ದರೆ ಕುದುರೆಗೆ ಸಾಕಲ್ಲವೇ ಅಂದ. ನಾನು ಇಪ್ಪತ್ತೆಂಟು ವರ್ಷ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಇದ್ದವಳು, ಇದನ್ನೆಲ್ಲ ನಿನ್ನಿಂದ ಕಲಿಯಬೇಕಿಲ್ಲ ಅಂದುಬಿಟ್ಟೆ. ಬೇಡವಾಗಿತ್ತು. ಟೋಪಿ ಸರಿಮಾಡಿಕೊಂಡು ದನಗಳ ಕಡೆ ಹೋದ. ಅವನ ಕುಂಟು ಇನ್ನೂ ಹೋಗಿಲ್ಲ.

ಅಮ್ಮನ ಅಂತ್ಯಕ್ರಿಯೆಯ ದಿನ ಅವನ ಜೊತೆ ಜಗಳವಾಡಿ ಹೊರಟವಳು ಹದಿನಾಲ್ಕು ವರ್ಷ ಈ ಕಡೆ ತಲೆ ಹಾಕಿರಲಿಲ್ಲ. ಆಗಸ್ಟ್‌ನಲ್ಲಿ ಅವನೇ ಫೋನ್ ಮಾಡಿದ. ಸೊಂಟದ ಆಪರೇಷನ್ ಆಗಿದೆಯಂತೆ, ಮನೆಯಲ್ಲಿ ಜಾಗ ಬೇಕಾದಷ್ಟಿದೆಯಂತೆ, ಕುದುರೆಯನ್ನೂ ಕರೆದುಕೊಂಡು ಬಾ ಅಂದ. ಬಂದು ಆರು ವಾರ. ಒಳ್ಳೆಯ ಮಾತು ಇನ್ನೂ ಆರು ಆಡಿಲ್ಲ.

ಅಕ್ಟೋಬರ್ 23

ಮಿಷಿಗನ್‌ನಿಂದ ತಂದಿದ್ದ ಕೆಂಪು ಖನಿಜದ ಗಟ್ಟಿಯನ್ನು ಶೆಡ್ಡಿನಲ್ಲಿ ಇಟ್ಟೆ. ಬೇಕೆನಿಸಿದಾಗ ನೆಕ್ಕಲಿ. ಪಕ್ಕದಲ್ಲೇ ಅಣ್ಣ ಬಿಳಿ ಉಪ್ಪಿನ ಗಟ್ಟಿಯೊಂದನ್ನು ಇಟ್ಟುಹೋಗಿದ್ದ. ಅದನ್ನು ತೆಗೆದು ದನಗಳಿಗೆ ಹಾಕಿದೆ.

ನವೆಂಬರ್ 16, ಮಧ್ಯಾಹ್ನ

ಮೊದಲ ಹಿಮ. ಬ್ರಷ್ ತುಂಬ ಟ್ಯಾನ್ಸಿಯ ಕತ್ತಿನ ಕೂದಲು. ಉದುರುವ ಕಾಲ ಅಲ್ಲ ಇದು. ಗೊರಸೂ ಒರಟಾಗಿದೆ. ಹಸಿರು ಹುಲ್ಲು ಮುಗಿದು ತಿಂಗಳಾಯಿತು, ಒಣಹುಲ್ಲಿನಲ್ಲಿ ಏನಿರುತ್ತದೆ? ಕೊರತೆ, ಇನ್ನೇನು. ಗೊರಸಿನ ಪುಡಿ ಎರಡು ಚಮಚಕ್ಕೆ ಏರಿಸಿದೆ.

ಅಣ್ಣ ಬಂದು ಅವಳ ಕತ್ತಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದ. ಏನೋ ಹೇಳುತ್ತಾನೆ ಅಂದುಕೊಂಡೆ. ಕಾಫಿ ಬಿಸಿಯಿದೆ ಅಂದ, ಅಷ್ಟೇ.

ಡಿಸೆಂಬರ್ 4

ಬಾಲದ ಕೂದಲೂ ತೆಳ್ಳಗಾಗಿದೆ. ತರಿಸಿದ್ದ ಹೊಸ ಡಬ್ಬ ಬಂತು — ಸೆಲೆನಿಯಂ ಎಂಬ ಖನಿಜ ಮತ್ತು ವಿಟಮಿನ್ ಇ. ದಿನಕ್ಕೊಂದು ಚಮಚ. ಇನ್ನು ಸರಿಹೋಗಬೇಕು.

ಜನವರಿ 11, ಬೆಳಿಗ್ಗೆ

ಶೆಡ್ಡಿನಿಂದ ಹೊರಗೆ ಬರಲೊಲ್ಲಳು. ಹುಲ್ಲಿನ ಸದ್ದು ಮಾಡಿದರೂ ಕಾಲು ಎತ್ತಲಿಲ್ಲ. ಕೆಸರು ಒರೆಸಿ ನೋಡಿದರೆ ಮುಂದಿನ ಎರಡೂ ಗೊರಸುಗಳಲ್ಲಿ, ಕೂದಲಿನ ಅಂಚಿನ ಕೆಳಗೆ, ಅಡ್ಡಡ್ಡ ಬಿರುಕು. ಉಗುರು ಇಳಿಯುವಷ್ಟು ಆಳ. ಅಣ್ಣ ನನ್ನನ್ನು ಕೇಳದೆಯೇ ಪಶುವೈದ್ಯೆಗೆ ಫೋನ್ ಮಾಡಿದ.

ಅದೇ ದಿನ, ಸಂಜೆ 4

ಡಾ. ರೆನ್‌ವಿಲ್ ಬಂದಿದ್ದರು. ಚಿಕ್ಕ ವಯಸ್ಸು, ಮಾತು ಕಡಿಮೆ. ರಕ್ತ ತೆಗೆದರು, ಹುಲ್ಲಿನ ಸ್ಯಾಂಪಲ್ ತೆಗೆದುಕೊಂಡರು. ಎಲ್ಲಿ ಬೆಳೆದ ಹುಲ್ಲು ಅಂತ ಕೇಳಿದರು. ಪೂರ್ವದ ಇಳಿಜಾರಿನದು ಅಂದ ಅಣ್ಣ, ನೆಲ ನೋಡುತ್ತ. ಆಮೇಲೆ ನಾನು ಏನೇನು ಕೊಡುತ್ತಿದ್ದೇನೋ ಎಲ್ಲ ತರಿಸಿ ಟ್ರಕ್ಕಿನ ಬಾನೆಟ್ ಮೇಲೆ ಸಾಲಾಗಿ ಇಟ್ಟರು. ಮೂರು ಡಬ್ಬ, ಒಂದು ಕೆಂಪು ಗಟ್ಟಿ. ಒಂದೊಂದೇ ಲೇಬಲ್ ಓದಿದರು.

"ಸೆಲೆನಿಯಂ ನಾಲ್ಕರಲ್ಲೂ ಇದೆ. ಎಲ್ಲಾ ಸೇರಿಸಿ ಎಷ್ಟಾಗುತ್ತೆ ಅಂತ ಯಾವಾಗ್ಲಾದ್ರೂ ಕೂಡಿ ನೋಡಿದ್ರಾ?"

ನೋಡಿರಲಿಲ್ಲ.

ಮಿಷಿಗನ್ ಮಣ್ಣಿನಲ್ಲಿ ಅದು ಕಡಿಮೆ, ಅಲ್ಲಿ ಕೊಡಲೇಬೇಕು. ಈ ಕಡೆಯ ಕೆಲವು ನೆಲದಲ್ಲಿ ಹುಲ್ಲೇ ಅದನ್ನು ಹೀರಿಕೊಂಡು ಬೆಳೆಯುತ್ತದಂತೆ. ಹೆಚ್ಚಾದರೆ ಕೂದಲು ಉದುರುತ್ತದೆ, ಗೊರಸು ಸೀಳುತ್ತದೆ. ಹೆಚ್ಚಾದಾಗಲೂ ಕೊರತೆಯ ಹಾಗೇ ಕಾಣುತ್ತದೆ… ನಾನು ಅದನ್ನು ನೋಡಿ ನೋಡಿ ಇನ್ನೂ ಸುರಿದೆ.

ಒಂದೇ ಔಷಧಿಯನ್ನು ಇಬ್ಬರು ಡಾಕ್ಟರು ಬೇರೆ ಬೇರೆ ಹೆಸರಲ್ಲಿ ಬರೆದರೆ ಹಿಡಿಯುತ್ತಿದ್ದವಳು ನಾನು. ಎಷ್ಟು ರೋಗಿಗಳ ಚೀಟಿ ವಾಪಸ್ ಕಳಿಸಿದ್ದೇನೆ. ನನ್ನ ಕುದುರೆಯ ಬಕೆಟ್ಟಿನಲ್ಲಿ ಅದೇ ತಪ್ಪು ಕಾಣಲಿಲ್ಲ.

ಜನವರಿ 20

ರಿಪೋರ್ಟ್ ಬಂತು. ಆ ಹುಲ್ಲಿನಲ್ಲೇ ಸಾಕಷ್ಟಿತ್ತು. ಬರೀ ಹುಲ್ಲೇ ಆಗಿದ್ದರೆ ತಡೆದುಕೊಳ್ಳುತ್ತಿದ್ದಳು, ಮೇಲೆ ಹಾಕಿದ್ದು ಹೊರೆಯಾಯಿತು ಅಂದರು ಡಾಕ್ಟರ್. ಎಲ್ಲ ನಿಲ್ಲಿಸಬೇಕು. ಬೇರೆ ನೆಲದ ಹುಲ್ಲು ತರಬೇಕು. ಇದಕ್ಕೆ ಮದ್ದು ಅಂತ ಇಲ್ಲ, ಹೊಸ ಗೊರಸು ಬೆಳೆಯುವವರೆಗೆ ಕಾಯುವುದು.

"ಹಳೇದು ಹಿಡ್ಕೊಂಡಿದ್ರೆ ಉಳಿತಾಳೆ. ಕಳಚಿ ಬಂದ್ರೆ ಮಾತ್ರ ಅವಳನ್ನ ನರಳಿಸೋದು ಬೇಡ. ಮನಸ್ಸು ಗಟ್ಟಿ ಮಾಡ್ಕೊಂಡಿರಿ."

ಮಾರ್ಚ್ ಮಧ್ಯದವರೆಗೆ ನೋಡೋಣ ಅಂದರು.

ಜನವರಿ 21, ಬೆಳಿಗ್ಗೆ

ತಿಂಡಿ ಹೊತ್ತಿಗೆ ಅಣ್ಣ ತಟ್ಟೆ ಪಕ್ಕಕ್ಕೆ ಸರಿಸಿದ. ಅಪ್ಪನ ಕಾಲದಲ್ಲಿ ಕಂದು ಕುದುರೆಯೊಂದಕ್ಕೆ ಹೀಗೇ ಕತ್ತು ಬೋಳಾಗಿತ್ತಂತೆ, ಅದೇ ಇಳಿಜಾರಿನಲ್ಲಿ ಮೇಯುತ್ತಿತ್ತಂತೆ. ಟ್ಯಾನ್ಸಿಯ ಕತ್ತು ಮುಟ್ಟಿದ ದಿನವೇ ಅವನಿಗೆ ಅನುಮಾನ ಬಂದಿತ್ತು.

"ನವೆಂಬರ್‌ನಲ್ಲೇ ಗೊತ್ತಿತ್ತಾ ನಿಂಗೆ?"

"ಹೂಂ."

"ಬಾಯಲ್ಲಿ ಏನಿತ್ತು?"

"ಹೇಳಿದ್ರೆ ಮತ್ತೆ ಜಗಳ ಆಗೋದು. ನೀನು ಕುದುರೇನ ಗಾಡಿಗೆ ಹತ್ತಿಸ್ಕೊಂಡು ಹೊರಟುಬಿಡ್ತೀಯ ಅಂತ ಭಯ ಆಯ್ತು, ಮಾರ್ವಾ. ಇನ್ನೊಂದ್ ಹದಿನಾಲ್ಕು ವರ್ಷ ಕಾಯೋಕೆ ನಂಗೆ ವಯಸ್ಸಿಲ್ಲ."

ಸಿಟ್ಟು ಬಂತು. ಎರಡು ತಿಂಗಳು ಅವಳು ನೋವು ತಿಂದಳು. ಬಾಗಿಲವರೆಗೂ ಹೋದೆ. ಹೊರಗೆ ಟ್ಯಾನ್ಸಿ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತಿದ್ದಳು. ಅವನು ಬಾಯಿ ಬಿಡದ ಹಾಗೆ ಮಾಡಿದ್ದು ನಾನೇ ಅಲ್ಲವೇ… ವಾಪಸ್ ಬಂದು ಕೂತೆ. ಆರಿದ ಮೊಟ್ಟೆಯನ್ನು ಇಬ್ಬರೂ ತಿಂದೆವು.

ಜನವರಿ 27

ಅಣ್ಣ ನದಿಯಾಚೆಯಿಂದ ಹುಲ್ಲು ತಂದ. ಆ ಸೊಂಟ ಇಟ್ಟುಕೊಂಡು ಹೋಗಿ ಬರುವುದು ಎಂಟು ಗಂಟೆ. ನಾನೂ ಬರುತ್ತೇನೆ ಅಂದರೆ ಕುದುರೆ ಹತ್ತಿರ ಇರು ಅಂದ. ಇಳಿಸುವ ಮೊದಲು ಆ ಹುಲ್ಲಿನ ಪರೀಕ್ಷೆಯ ಕಾಗದ ನನ್ನ ಕೈಗೆ ಕೊಟ್ಟ. ಓದು ಅಂದ, ನಗಲಿಲ್ಲ.

ಫೆಬ್ರವರಿ 8, ಮಧ್ಯಾಹ್ನ

ಒಣಹುಲ್ಲಿನಲ್ಲಿ ವಿಟಮಿನ್ ಇ ಉಳಿಯುವುದಿಲ್ಲ, ಅದನ್ನು ಕೊಡಬಹುದು ಅಂದಿದ್ದಾರೆ ಡಾಕ್ಟರ್, ಆದರೆ ಬರೀ ಅದನ್ನೇ. ಗೊರಸಿಗೆ ತಾಮ್ರ, ಸತುವು. ಸೆಲೆನಿಯಂ ಲವಲೇಶವೂ ಇರಬಾರದು.

ಅಂಗಡಿಯಿಂದ ಐದು ಬಗೆಯ ಡಬ್ಬ ತಂದೆವು, ಬೇಡದ್ದನ್ನು ಹಿಂದಿರುಗಿಸುವ ಮಾತಿನ ಮೇಲೆ. ಅಡುಗೆಮನೆಯ ಮೇಜಿನ ಮೇಲೆ ಎಲ್ಲ ಹರಡಿ ಓದಿದೆವು. ಅಣ್ಣ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದಿದ್ದ.

"ಇದ್ರಲ್ಲೂ ಇದೆ ನೋಡು. ಮೂಲೇಲಿ ಬಚ್ಚಿಟ್ಕೊಂಡಿದೆ."

ನನ್ನ ಕಣ್ಣಿಗೆ ತಪ್ಪಿತ್ತು. ಒಳ್ಳೆ ಕೆಲಸಗಾರ, ಔಷಧಿ ವಿಭಾಗಕ್ಕೆ ಸೇರಿಸಿಕೊಳ್ಳಬಹುದಿತ್ತು ಅಂದೆ. ಸಂಬಳ ಇಲ್ಲದಿದ್ದರೂ ಪರವಾಗಿಲ್ಲ, ಬಿಳಿ ಕೋಟು ಕೊಟ್ಟರೆ ಸಾಕು ಅಂದ. ಮೂರು ಹಿಂದಕ್ಕೆ. ಎರಡು ಉಳಿದವು. ಜೊತೆಗೆ ಬಿಳಿ ಉಪ್ಪು.

ಫೆಬ್ರವರಿ 19

ಮಲಗಿಬಿಟ್ಟಿದ್ದಳು. ಇಬ್ಬರೂ ಹಿಮದಲ್ಲೇ ಪಕ್ಕದಲ್ಲಿ ಕೂತೆವು. ಬೆಳಗಿನ ಹತ್ತಕ್ಕೆ ಮಲಗಿದವಳು ಒಂದು ಗಂಟೆಗೆ ತಾನಾಗಿ ಎದ್ದಳು. ಬೇರೆ ಬರೆಯಲಾರೆ.

ಮಾರ್ಚ್ 14

ಗೊರಸು ಕೆತ್ತುವ ಲೆಸ್ಟರ್ ಮತ್ತು ಡಾಕ್ಟರ್ ಒಟ್ಟಿಗೆ ಬಂದರು. ಲೆಸ್ಟರ್ ಕಾಲು ಎತ್ತಿ ಮಂಡಿಯ ಮೇಲಿಟ್ಟುಕೊಂಡು ಬಿರುಕಿನ ಸುತ್ತ ಒತ್ತಿ ನೋಡಿದ. ಬಿರುಕು ಒಂದು ಬೆರಳಿನಷ್ಟು ಕೆಳಗಿಳಿದಿದೆ. ಅದರ ಮೇಲೆ ಹೊಸ ಗೊರಸು, ನುಣ್ಣಗೆ. ಹಳೆಯದು ಗಟ್ಟಿಯಾಗಿ ಹಿಡಿದುಕೊಂಡಿದೆ.

"ಉಳಿದ್ಲು," ಅಂದರು ಡಾ. ರೆನ್‌ವಿಲ್. ಪೂರ್ತಿ ಹೊಸದಾಗಲು ವರ್ಷ ಹಿಡಿಯುತ್ತದಂತೆ. ಅಣ್ಣ ಶೆಡ್ಡಿನ ಹಿಂದಕ್ಕೆ ಹೋಗಿ ಮೂಗು ಒರೆಸಿಕೊಂಡು ಬಂದ. ಶೀತ ಅಂದ.

ಏಪ್ರಿಲ್ 19, ಸಂಜೆ

ಪೂರ್ವದ ಇಳಿಜಾರು ಹಸಿರಾಗಿದೆ. ಟ್ಯಾನ್ಸಿ ನಿಧಾನವಾಗಿ, ಆದರೆ ನಾಲ್ಕೂ ಕಾಲೂರಿ, ಅದರ ಕಡೆಗೇ ನಡೆಯುತ್ತಾಳೆ. ಅವಳು ಅಲ್ಲಿಗೆ ಹೋಗದ ಹಾಗೆ ಇವತ್ತು ಬೇಲಿ ಶುರು ಮಾಡಿದೆವು. ಅಣ್ಣ ಕಂಬ ನೆಡುವ ಮೊದಲು ಗೇಟು ಎಲ್ಲಿಡೋಣ ಅಂತ ಕೇಳಿದ. ಈ ನೆಲದ ಬಗ್ಗೆ ಅವನು ನನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲು.

ಮನೆಯ ಕಡೆಗೆ ಇಡು ಅಂದೆ, ಚಳಿಗಾಲದಲ್ಲಿ ಬಕೆಟ್ಟು ಹಿಡಿದು ಅಷ್ಟು ದೂರ ನಡೆಯೋಕಾಗಲ್ಲ.

ಅಣ್ಣ ಸುತ್ತಿಗೆ ಕೆಳಗಿಟ್ಟ. "ಮುಂದಿನ ಚಳಿಗಾಲದಲ್ಲಾ?"

"ಮತ್ತೆ ಕಳೆದುಹೋದ ಚಳಿಗಾಲಕ್ಕೆ ಗೇಟು ಹಾಕ್ತಾರಾ?"

ಅಣ್ಣ ಸುತ್ತಿಗೆ ಎತ್ತಿಕೊಂಡ. ಕಂಬ ಹಿಡ್ಕೋ ಅಂದ, ಹಿಡಿದುಕೊಂಡೆ. ಮೂರು ಏಟಿಗೆ ಒಂದು ತಪ್ಪುತ್ತಿತ್ತು.

ಈಗ ಊಟಕ್ಕೆ ಕರೆಯುತ್ತಿದ್ದಾನೆ. ನಾಳೆ ಮರೆಯದೆ ಮಾಡಬೇಕಾದ್ದು — ಮಿಷಿಗನ್ ಮನೆಯಲ್ಲಿ ಬಾಡಿಗೆಗಿರುವವರಿಗೆ ಫೋನ್ ಮಾಡಿ, ನೀವು ಇನ್ನು ಅಲ್ಲೇ ಇರಬಹುದು, ನಾನು ವಾಪಸ್ ಬರುವುದಿಲ್ಲ ಅಂತ ಹೇಳುವುದು.