ಚರಿತ್ರೆ ಉಳಿಸದ ಮಿಂಚುಳ್ಳಿ

ಫೆಬ್ರವರಿ 6, ಸೋಮವಾರ

ಹೆಡ್‌ಸೆಟ್‌ನ ಎಡಕಿವಿಯ ಸ್ಪಂಜಿನ ಮೇಲೆ ಒಣಗಿದ ಗಂಧ. ಸಂಜೆ ಪಾಳಿಯಲ್ಲಿ ನನ್ನ ಸೀಟಿನಲ್ಲಿ ಕೂರುವವರು ದೇವಸ್ಥಾನದಿಂದ ನೇರ ಬಂದಿರಬೇಕು. ಮೂರು ತಿಂಗಳಿಂದ ಒಂದೇ ಕುರ್ಚಿ ಹಂಚಿಕೊಂಡಿದ್ದೇವೆ, ಮುಖ ನೋಡಿಲ್ಲ. ಒರೆಸಲಿಲ್ಲ. ಹಾಗೇ ಹಾಕಿಕೊಂಡೆ. ದಿನವಿಡೀ ಒಂದು ಕಿವಿಗೆ ಮಾತ್ರ ಗಂಧದ ವಾಸನೆ.

ಹೊಸ ಸರ್ವೆ. ಯಾವುದೋ ಹೊಸ ಬ್ರೌಸರ್ ಕಂಪನಿಯದು. ಹೆಸರು ಇಂಗ್ಲಿಷಿನಲ್ಲಿ ಉದ್ದಕ್ಕಿದೆ, ಗುರುತು ಮಾತ್ರ ಚೆನ್ನಾಗಿದೆ — ನೀಲಿ ಮಿಂಚುಳ್ಳಿ. ಅದನ್ನು ಹಾಕಿಕೊಂಡವರಿಗೆ ಫೋನ್ ಮಾಡಿ ಕೇಳಬೇಕು. ಏಳನೇ ಪ್ರಶ್ನೆಯೇ ಮುಖ್ಯ: ಹಳೆಯದನ್ನು ಯಾಕೆ ಬಿಟ್ಟಿರಿ? ವೇಗಕ್ಕೆ ಒಂದು, ಜಾಹೀರಾತಿಗೆ ಎರಡು, ಖಾಸಗಿತನಕ್ಕೆ ಮೂರು, ಬೇರೆಯವರು ಹಾಕಿಕೊಟ್ಟಿದ್ದರೆ ನಾಲ್ಕು. ಯಾವುದೂ ಅಲ್ಲದಿದ್ದರೆ ಐದು, ಆಗ ಅವರ ಮಾತನ್ನು ಹೇಳಿದ ಹಾಗೇ ಟೈಪ್ ಮಾಡಬೇಕು.

ಬ್ರೌಸರ್ ಅನ್ನುವ ಮಾತು ಯಾರಿಗೂ ಗೊತ್ತಿಲ್ಲ. ಫರೂಕ್ ಊರಿನ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು, "ಬ್ಲೌಸಾ? ಇರು ಮೋಳೇ, ಹೆಂಡತಿಗೆ ಕೊಡ್ತೀನಿ" ಅಂದರು, ಮಗಳಿಗೆ ಹೇಳುವ ಹಾಗೆ. ಹೆಂಡತಿ ಬಂದು, "ಈಗ ಯಾವ್ದೂ ಹೊಲಿಸೋದಿಲ್ಲಮ್ಮಾ, ಓಣಂಗೆ ನೋಡೋಣ" ಅಂದು ಇಟ್ಟುಬಿಟ್ಟರು. ಪಕ್ಕದ ಸೀಟಿನ ಲಿಸ್ಸಿ ಚೇಚಿ, ನಮಗೆಲ್ಲ ಅಕ್ಕ, ನೀರು ಕುಡಿಯುತ್ತಿದ್ದವರು ಕೀಬೋರ್ಡಿನ ಮೇಲೆಲ್ಲ ಚೆಲ್ಲಿದರು.

"ಶಿಮ್ನಾ, ಹೆಸರು ಕೇಳ್ಬೇಡ. ಮೊದ್ಲು ಯಾವ ಚಿತ್ರ ಒತ್ತುತ್ತಿದ್ರಿ ಅಂತ ಕೇಳು" ಅಂತ ಹೇಳಿಕೊಟ್ಟರು. ಹನ್ನೆರಡು ವರ್ಷದಿಂದ ಇದೇ ಕೆಲಸ ಅವರದು. ಕೇಳಿದೆ. ಬಣ್ಣದ ಉಂಡೆ. ನರಿ. ಬೆಂಕಿ ಹತ್ತಿದ ಬೆಕ್ಕು. ದಿಕ್ಸೂಚಿ. ನೀಲಿ ಅಲೆ... ನಲವತ್ತೊಂದು ಕರೆ. ಆರಿಸಿಕೊಂಡವರು ಅಂತ ಒಬ್ಬರೂ ಸಿಗಲಿಲ್ಲ. ಫೋನ್ ಬಿದ್ದು ಒಡೆದಿತ್ತು, ಅಳಿಯ ರಜೆಗೆ ಬಂದಿದ್ದ, ಮೊಮ್ಮಗಳು ಏನೋ ಒತ್ತಿದಳು. ಹಾಗೇ ಬದಲಾಗಿದೆ.

ಫೆಬ್ರವರಿ 7, ಮಂಗಳವಾರ

ಆರಿಸಿಕೊಂಡವರು ಇವತ್ತು ಒಬ್ಬರು ಸಿಕ್ಕರು.

ನಂಬರ್ 212. ಬೆಳಿಗ್ಗೆ ಹನ್ನೊಂದೂ ನಲವತ್ತು. ಹೆಸರು ಜಲಜ, ವಯಸ್ಸು ನಲವತ್ತಮೂರು. ಈ ಕರೆ ದಾಖಲಾಗುತ್ತದೆ ಅಂತ ಮೊದಲೇ ಹೇಳಿದೆ. "ಪರವಾಗಿಲ್ಲ, ಬೇಗ ಕೇಳಿ" ಅಂದರು. ಹಿಂದೆ ಕುಕ್ಕರ್ ಸದ್ದು.

"ಹಳೇದು ಯಾಕೆ ಬಿಟ್ರಿ ಚೇಚಿ?"

"ಅದ್ರಲ್ಲಿ ಚಾರಿತ್ರ್ಯ ಅಂತ ಇರುತ್ತಲ್ಲ ಮೋಳೇ. ನಮ್ಮನೆಯವ್ರು ದಿನಾ ಸಂಜೆ ಅದನ್ನ ತೆಗೆದು ನೋಡ್ತಾರೆ."

ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಮಲಯಾಳಂ ಮೆನುವಿನಲ್ಲಿ ಇರುವುದು ಚರಿತ್ರೆ. ನೋಡಿದ ಪುಟಗಳ ಪಟ್ಟಿ. ತಿದ್ದಬೇಕು ಅನ್ನಿಸಿತು. ತಿದ್ದಲಿಲ್ಲ.

"ಚಹಾ ಕುಡೀತಾ ಪೇಪರ್ ಓದೋ ಹಾಗೆ ಓದ್ತಾರೆ. ಇದ್ಯಾಕೆ ನೋಡಿದೆ, ಅದ್ಯಾಕೆ ನೋಡಿದೆ. ಮೀನಿನ ಸಾರು ಹುಡುಕಿದ್ರೂ, ಯಾರಿಗೆ ಮಾಡೋಕೆ ಅಂತಾರೆ."

"ಅಳಿಸ್ಬಹುದಲ್ಲ?"

"ಒಂದ್ಸಲ ಅಳಿಸಿದೆ. ಖಾಲಿ ಇದ್ದಿದ್ದಕ್ಕೆ ಹೊಡೆದ್ರು." ಹವಾಮಾನ ಹೇಳುವ ದನಿ. "ಈ ಹಕ್ಕಿ ಏನೂ ಬರೆದಿಟ್ಕೊಳ್ಳೋದಿಲ್ವಂತೆ. ಮಗಳ ಆಟಗಳ ಮಧ್ಯೆ ಹಾಕಿದ್ದೀನಿ, ಅವ್ರು ಇದನ್ನೂ ಆಟ ಅಂದ್ಕೊಂಡಿದ್ದಾರೆ. ಹಳೇದ್ರಲ್ಲಿ ದಿನಾ ಎರಡು ಅಡುಗೆ, ಒಂದು ದೇವಸ್ಥಾನ ನೋಡಿ ಬಿಡ್ತೀನಿ. ಅವ್ರಿಗೆ ಓದೋಕೆ ಬೇಕಲ್ಲ."

ನಕ್ಕರು. ನಾನೂ ನಕ್ಕೆ.

ಹಕ್ಕಿಯಲ್ಲಿ ಏನು ನೋಡುತ್ತೀರಿ ಅನ್ನುವುದು ಎಂಟನೇ ಪ್ರಶ್ನೆ. ಹೋಮ್ ನರ್ಸ್ ತರಬೇತಿಗೆ ಅರ್ಜಿ ತುಂಬಿದ್ದಾರೆ. ಹಾಸ್ಟೆಲ್ ×××××ನಲ್ಲಿ. ಮಗಳನ್ನೂ ಜೊತೆಗೆ ಇಟ್ಟುಕೊಳ್ಳಬಹುದಂತೆ. ಮಾರ್ಚ್ ××ಕ್ಕೆ ಹೊರಡುತ್ತಾರೆ. "ಅಲ್ಲಿಗೆ ಹೋದ್ಮೇಲೆ ಎಷ್ಟು ಬೇಕಾದ್ರೂ ಕೇಳು ಮೋಳೇ. ಅಕ್ಕನಿಗೂ ಹೇಳಿಲ್ಲ ಇದನ್ನ. ನೀನು ಯಾಕೆ ಅಂತ ಕೇಳಿದ್ಯಲ್ಲ, ಬಂದ್ಬಿಡ್ತು ಬಾಯಿಗೆ."

ಐದು ಹಾಕಿದೆ. ಒಂದಕ್ಷರ ಬಿಡದೆ ಟೈಪ್ ಮಾಡಿದೆ. ಊರು, ತಾರೀಖು, ಚಾರಿತ್ರ್ಯ, ಎಲ್ಲ. ಮೂರು ತಿಂಗಳಲ್ಲಿ ಮೊದಲ ಸಲ ಏನೋ ಬರೆದೆ ಅನ್ನಿಸಿತು.

ಫೆಬ್ರವರಿ 8

ನಮ್ಮ ಮ್ಯಾನೇಜರ್ ಸಹದೇವನ್ ಸಾರ್ ಬೆಳಗಿನ ಮೀಟಿಂಗಿನಲ್ಲಿ 212ನ್ನು ಓದಿದರು. "ನೋಡಿ, ಐದು ಅಂದ್ರೆ ಹೀಗಿರ್ಬೇಕು. ನೀವೆಲ್ಲ ‘ಗೊತ್ತಿಲ್ಲ’ ಅಂತ ಬರೀತೀರಿ. ಶಿಮ್ನಾ ಎಂ.ಎ. ಮಲಯಾಳಂ ಓದಿದ್ದು ಸುಮ್ನೆ ಅಲ್ಲ." ಚಾರಿತ್ರ್ಯ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ತಲೆ ತಗ್ಗಿಸಿಕೊಂಡಿದ್ದೆ. ಖುಷಿಯಾಗಿತ್ತು. ಸುಳ್ಳು ಯಾಕೆ ಬರೆಯಲಿ.

ಲಿಸ್ಸಿ ಚೇಚಿ ಮಾತ್ರ ಊಟದ ಡಬ್ಬಿ ತೆರೆಯುತ್ತಾ ಅಂದರು: "ನಾನಾಗಿದ್ರೆ ಮೂರು ಹಾಕಿ ಮುಗಿಸ್ತಿದ್ದೆ."

"ಯಾಕೆ?"

"ಮೂರಕ್ಕೆ ಏನೂ ಬರೀಬೇಕಾಗಿಲ್ಲ, ಅದಕ್ಕೆ."

ಫೆಬ್ರವರಿ 13

ಕೊಯಿಲಾಂಡಿಯ ಅಜ್ಜಿಯೊಬ್ಬರು ಅವರಾಗಿಯೇ ಫೋನ್ ಮಾಡಿದರು. ಮೆಸೇಜ್ ಬಂತು, ಹಕ್ಕಿ ಚೆನ್ನಾಗಿದೆ, ಥ್ಯಾಂಕ್ಸ್ ಅಂತ. ಯಾವ ಮೆಸೇಜ್?

ಲಿಸ್ಸಿ ಚೇಚಿ ತೋರಿಸಿದರು. ಕರೆ ‘ಪೂರ್ಣ’ ಅಂತ ಒತ್ತಿದ ಐದನೇ ದಿನ ಸಂಜೆ ಏಳಕ್ಕೆ ಕಂಪ್ಯೂಟರ್ ತಾನೇ ಕಳಿಸುತ್ತದೆ. ಮಿಂಚುಳ್ಳಿಯ ಚಿತ್ರ. ಕೆಳಗೆ, ‘ನಿಮ್ಮ ಹಳೆಯ ಬ್ರೌಸರ್ ಬಿಟ್ಟು ನಮ್ಮನ್ನು ಆರಿಸಿದ ಕಾರಣ ತಿಳಿಸಿದ್ದಕ್ಕೆ ಧನ್ಯವಾದ.’

212 ನೋಡಿದೆ. ನಿನ್ನೆ, ಭಾನುವಾರ. ಸಂಜೆ ಏಳು. ತಲುಪಿದೆ.

ದಿನಾ ಸಂಜೆ ತೆಗೆದು ನೋಡುತ್ತಾರೆ.

ಫೆಬ್ರವರಿ 14

ಎರಡು ವಾರದ ಮೇಲೆ ಎಲ್ಲರಿಗೂ ಎರಡನೇ ಕರೆ ಇರುತ್ತದೆ, ಅದಕ್ಕೆ ಮೊದಲು ನಾವಾಗಿ ಫೋನ್ ಮಾಡುವ ಹಾಗಿಲ್ಲ. ಆದರೂ 212ಕ್ಕೆ ಮಾಡಿದೆ. ಪೂರ್ತಿ ರಿಂಗಾಯಿತು. ಮತ್ತೆ ಮಾಡಿದರೆ ಅದೂ ಅವರ ಫೋನಿನಲ್ಲಿ ಉಳಿಯುತ್ತದೆ ಅಂತ ಆಮೇಲೆ ಹೊಳೆಯಿತು. ಬಿಟ್ಟೆ.

ಫೆಬ್ರವರಿ 20, ಸೋಮವಾರ

ಎರಡನೇ ಸುತ್ತು. ಪಟ್ಟಿಯಲ್ಲಿ 212 ತಾನಾಗಿಯೇ ನನ್ನ ಮುಂದೆ ಬಂತು. ಈಗಲೂ ಮಿಂಚುಳ್ಳಿ ಬಳಸುತ್ತಿದ್ದೀರಾ ಅಂತ ಕೇಳಬೇಕು.

ಗಂಡಸಿನ ದನಿ. ಮೆತ್ತಗೆ, ಮೇಷ್ಟರ ಹಾಗೆ.

"ಹೇಳಮ್ಮಾ. ನಿಮ್ಮ ಫೋನಿಗೇ ಕಾಯ್ತಿದ್ದೆ."

ಜಲಜ ಚೇಚಿ ಇದ್ದಾರಾ ಅಂದೆ.

"ಮಲಗಿದ್ದಾಳೆ." ಆಗ ಹನ್ನೊಂದು ಗಂಟೆ. "ಸಿಮ್ ನನ್ನ ಹೆಸರಲ್ಲಿದೆ. ಅವಳಿಗೆ ಕೇಳಿದ್ದನ್ನೇ ನನಗೂ ಕೇಳಿ."

ಪರದೆಯ ಮೇಲೆ ಪ್ರಶ್ನೆಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಸರಿಸಿದೆ.

"ಆ ಹಕ್ಕಿ ತೆಗೆದು ನೋಡಿದೆ. ಚರಿತ್ರೆ ಅಂತ ಒಂದು ಪುಟ ಇದೆ, ಒಂದು ಸಾಲೂ ಇಲ್ಲ. ಒಳ್ಳೇ ಹೆಂಗಸರಿಗೆ ಚರಿತ್ರೆ ಇಲ್ಲದ ನೆಟ್ ಯಾಕಮ್ಮಾ ಬೇಕು? ನೀನೂ ಒಂದು ಮನೆ ಹುಡುಗಿ, ನೀನೇ ಹೇಳು."

ಹಿಂದಿನಿಂದ ಒಂದು ದನಿ. ಜಲಜ ಚೇಚಿಯದೇ. ಆದರೆ ತುಟಿ ಊದಿದಾಗ ಮಾತು ಹೇಗೆ ಬರುತ್ತದೋ ಹಾಗೆ. "ನಾನು ಆ ಹುಡುಗಿಗೆ ಏನೂ ಹೇಳಿಲ್ಲ. ಏನೂ ಹೇಳಿಲ್ಲ ಅಂತ ಎಷ್ಟು ಸಲ ಹೇಳ್ಲಿ."

"ಕೇಳಿಸ್ತಾ?" ಅಂದ ಅವನು. "ಏನೂ ಹೇಳಿಲ್ವಂತೆ. ಹದಿನಾಲ್ಕು ನಿಮಿಷ ಮಾತಾಡಿದ್ದಾಳೆ, ಏನೂ ಹೇಳಿಲ್ವಂತೆ. ನಿಮ್ಮಲ್ಲಿ ರೆಕಾರ್ಡ್ ಇರುತ್ತಲ್ಲ. ಬಂದು ಕೇಳ್ತೀನಿ."

ಕಟ್ ಮಾಡಿದ. ಮುಂದಿನ ನಂಬರು ತಾನಾಗಿಯೇ ರಿಂಗಾಗತೊಡಗಿತು. ಯಾರೋ ಹಲೋ ಹಲೋ ಅನ್ನುತ್ತಿದ್ದರು.

ಫೆಬ್ರವರಿ 21

ರೆಕಾರ್ಡ್ ಬೇಕು ಅಂತ ಅವನ ಅರ್ಜಿ ಬಂದಿದೆ. ಸಿಮ್ಮಿನ ದಾಖಲೆ, ಗುರುತಿನ ಚೀಟಿ, ಎಲ್ಲದರ ಪ್ರತಿ. ಅಕ್ಷರ ದುಂಡಗಿದೆ. ಶುಕ್ರವಾರ ಹತ್ತು ಗಂಟೆಗೆ ಬರುತ್ತಾನಂತೆ.

ಸಹದೇವನ್ ಸಾರ್ ಕ್ಯಾಬಿನ್ನಿಗೆ ಕರೆದರು. ಲಿಸ್ಸಿ ಚೇಚಿಯೂ ನನ್ನ ಹಿಂದೆಯೇ ಬಂದರು, ಕರೆಯದಿದ್ದರೂ.

"ನಮ್ಮ ಫಾರಂನಲ್ಲಿ ‘ನಂಬರಿನ ಮಾಲೀಕರು’ ಅಂತ ಇದೆ. ಮಾಲೀಕ ಅವನು. ಕೊಟ್ಟು ಕೈ ತೊಳ್ಕೊಳ್ಳೋಣ."

"ಸಾರ್, ಅವಳು ಎಲ್ಲಿಗೆ ಹೋಗ್ತಾಳೆ, ಯಾವತ್ತು ಹೋಗ್ತಾಳೆ, ಎಲ್ಲ ಇದೆ ಅದ್ರಲ್ಲಿ" ಅಂದರು ಚೇಚಿ.

"ಗಂಡ ಹೆಂಡ್ತಿ ಮಧ್ಯೆ ನಾವ್ಯಾಕೆ ಹೋಗ್ಬೇಕು ಲಿಸ್ಸಿ? ನಾವು ಕೇಳೋದು ಬ್ರೌಸರ್ ವಿಷಯ."

"ಅವಳು ಹೇಳಿದ್ದೂ ಅದೇ ಸಾರ್."

ಸಾರ್ ಕನ್ನಡಕ ತೆಗೆದು ಒರೆಸಿದರು. ಕೆಟ್ಟವರಲ್ಲ. ಮಗಳ ಮದುವೆಗೆ ನಮ್ಮೆಲ್ಲರನ್ನೂ ಕರೆದಿದ್ದರು. "ದೂರು ಕೊಟ್ರೆ ಸರ್ವೆನೇ ನಿಲ್ಲುತ್ತೆ. ಇಪ್ಪತ್ತೆರಡು ಹುಡುಗಿಯರ ಕೆಲಸ. ಶಿಮ್ನಾ, ನೀನೇನಂತೀಯ?"

ಮೇಜಿನ ಮೇಲಿದ್ದ ಅವನ ಅರ್ಜಿಯನ್ನೇ ನೋಡುತ್ತಾ ನಿಂತೆ. ನನ್ನ ಜನ್ಮವೇ ಅಷ್ಟು. ಹೊರಗೆ ಬಂದಮೇಲೆ ಎಷ್ಟು ಮಾತು ಹೊಳೆದವು.

ಮಧ್ಯಾಹ್ನ ಮಹಿಳಾ ಸಹಾಯವಾಣಿಗೆ ಫೋನ್ ಮಾಡಿದೆ. ವಿಳಾಸ ಕೇಳಿದರು. ನಮ್ಮ ಪಟ್ಟಿಯಲ್ಲಿ ನಂಬರು ಇದೆ, ವಿಳಾಸ ಇಲ್ಲ. ಅರ್ಜಿಯಲ್ಲಿ ಇದೆಯಲ್ಲ ಅಂತ ನೆನಪಾಗಿ ಸಾರ್ ಮೇಜಿನಿಂದ ಬರೆದುಕೊಂಡು ಕೊಟ್ಟೆ. ಸಂಜೆ ಅವರೇ ತಿರುಗಿ ಮಾಡಿದರು. ಇಬ್ಬರು ಹೋಗಿ ಬಂದರಂತೆ. ಆಕೆಯೇ ಬಾಗಿಲಿಗೆ ಬಂದು, ದೂರು ಏನೂ ಇಲ್ಲ, ಬಾತ್‌ರೂಮಿನಲ್ಲಿ ಜಾರಿ ಬಿದ್ದೆ ಅಂದರಂತೆ. ಗಂಡ ಅವರಿಗೆ ಕುರ್ಚಿ ಹಾಕಿ, ಚಹಾ ಕೊಟ್ಟನಂತೆ.

ಜಲಜ ಚೇಚಿ ಕಾಯುತ್ತಿದ್ದಾರೆ. ಮಾರ್ಚ್ ಬರಲಿ ಅಂತ. ಹೊಡೆತ ತಿಂದೂ ಊರಿನ ಹೆಸರು ಬಾಯಿ ಬಿಟ್ಟಿಲ್ಲ. ಬಿಟ್ಟಿದ್ದರೆ ಅವನು ಇಲ್ಲಿಗೆ ಯಾಕೆ ಬರುತ್ತಿದ್ದ?

ಫೆಬ್ರವರಿ 22, ಬುಧವಾರ

ಅವರು ಸರಿಯಾಗಿಯೇ ಆರಿಸಿದ್ದರು. ಮಿಂಚುಳ್ಳಿ ಏನೂ ಉಳಿಸಿಕೊಂಡಿಲ್ಲ. ಉಳಿಸಿದ್ದು ನಾನು.

ಈ ಡೈರಿಯಲ್ಲಿ ಏಳನೇ ತಾರೀಖಿನ ಪುಟ ತೆರೆದು ಊರನ್ನೂ ತಾರೀಖನ್ನೂ ಪೆನ್ನಿನಿಂದ ಕೆರೆದು ಹಾಕಿದೆ. ಪುಟ ತೂತಾಯಿತು. ಆಫೀಸಿನದನ್ನು ಹೀಗೆ ಕೆರೆಯಲು ಬರುವುದಿಲ್ಲ. ಒಮ್ಮೆ ‘ಪೂರ್ಣ’ ಒತ್ತಿದ್ದು ನಮ್ಮ ಕೈಗೆ ಮತ್ತೆ ಸಿಗುವುದಿಲ್ಲ.

"ಹಾಗಾದ್ರೆ ಯಾವ್ದೂ ಅಳಿಸೋದೇ ಇಲ್ವಾ ಚೇಚಿ?"

"ಕಳ್ಳ ಕರೆ ಆದ್ರೆ ಅಳಿಸ್ತಾರೆ."

ಕಳ್ಳ ಕರೆ ಅಂದರೆ ಫೋನಿನಲ್ಲಿ ಯಾರೂ ಉತ್ತರಿಸದೆ ನಾವೇ ತುಂಬಿದ್ದು. ಎರಡು ವರ್ಷದ ಹಿಂದೆ ರಂಶೀನ ಅನ್ನುವವಳು ಹೀಗೆ ಸಿಕ್ಕಿಬಿದ್ದಳಂತೆ. ಸೋಪಿನ ಸರ್ವೆ. ನೂರು ಮನೆಯ ಸ್ನಾನವನ್ನು ಒಬ್ಬಳೇ ಬರೆದಿದ್ದಳು. "ತಪ್ಪೊಪ್ಪಿಗೆ ಬರೆಸ್ಕೊಂಡ್ರು. ಅವಳ ಕರೆ, ರೆಕಾರ್ಡ್, ಒಂದೂ ಬಿಡದೆ ಅರ್ಧ ಗಂಟೇಲಿ ಒರೆಸಿ ಹಾಕಿದ್ರು. ಯಾರೂ ಕೇಳೋಕೂ ಹೋಗ್ಲಿಲ್ಲ. ಸರ್ವೆ ಮಾಡಿಸೋ ಕಂಪನಿಗೆ ಗೊತ್ತಾಗೋದ್ರೊಳಗೆ ಆಗ್ಬೇಕಲ್ಲ."

"ಆಮೇಲೆ ಅವಳು?"

"ಇಲ್ಲಿನ ಎಲ್ಲಾ ಕಾಲ್ ಸೆಂಟರಿಗೂ ಹೆಸರು ಹೋಯ್ತು. ಈಗ ಎಲ್ಲಿದ್ದಾಳೋ." ಚೇಚಿ ಹೇಳುತ್ತಾ ಹೇಳುತ್ತಾ ನನ್ನ ಕಡೆ ತಿರುಗಿದರು. "ಶಿಮ್ನಾ, ನಾನು ನಿನಗೆ ಏನೂ ಹೇಳಿಲ್ಲ ಆಯ್ತಾ. ಊಟ ಮಾಡು."

ಫೆಬ್ರವರಿ 23, ಗುರುವಾರ

ಅಮ್ಮ ಬೆಳಿಗ್ಗೆ ಮೀನಿನವನ ಹತ್ತಿರ ನಿಂತು, ನಮ್ಮ ಹುಡುಗಿಗೆ ಎ.ಸಿ. ಆಫೀಸು ಅಂತ ಹೇಳುತ್ತಿದ್ದಳು. ಮೂರನೇ ಸಲ. ಅವನು ತಲೆಯಾಡಿಸುತ್ತಾ ಮತ್ತಿ ಮೀನಿನ ಹುರುಪೆ ತೆಗೆಯುತ್ತಿದ್ದ.

ದಿನವಿಡೀ ಮೂವತ್ತಾರು ಕರೆ. ಎಲ್ಲರಿಗೂ ಮೂರು ಹಾಕಿದೆ. ವೇಗ ಅಂದವರಿಗೂ.

ಭಯ ಯಾವುದರದು ಅಂತ ಬರೆದು ನೋಡುತ್ತೇನೆ. ಕೆಲಸ ಹೋಗುವುದಲ್ಲ. ಸಹದೇವನ್ ಸಾರ್ ಮುಖ. ಹಿಂದಿನ ಸಾಲಿನ ನಗು. ‘ಎಂ.ಎ. ಮಲಯಾಳಂ, ಕಥೆ ಕಟ್ಟಿದ್ದಾಳೆ’ ಅನ್ನುತ್ತಾರೆ. ತಕ್ಷಣ ನಂಬುತ್ತಾರೆ... ಅದೇ ಬೇಕಾಗಿರುವುದು.

ಮಾರ್ಚಿಗೆ ಇನ್ನೂ ದಿನಗಳಿವೆ. ಅಲ್ಲಿಯವರೆಗೆ ಆ ಮನೆಯಲ್ಲಿ ಏನಾಗುತ್ತದೋ ಗೊತ್ತಿಲ್ಲ. ಅದನ್ನೆಲ್ಲ ತಡೆಯಲು ನನ್ನಿಂದ ಆಗುವುದಿಲ್ಲ. ಆದರೆ ಅವನು ಹಾಸ್ಟೆಲಿನ ಗೇಟಿನಲ್ಲಿ ನಿಂತಿರುವುದಿಲ್ಲ.

ಫೆಬ್ರವರಿ 24, ಶುಕ್ರವಾರ. ಬೆಳಿಗ್ಗೆ 9.10

ಎಲ್ಲರಿಗಿಂತ ಮೊದಲು ಬಂದೆ. ಎ.ಸಿ. ಇನ್ನೂ ಹಾಕಿಲ್ಲ. ಸಾರ್ ಒಂಬತ್ತೂವರೆಗೆ ಬರುತ್ತಾರೆ, ಅವನು ಹತ್ತಕ್ಕೆ. ಅರ್ಧ ಗಂಟೆ ಸಾಕು ಅಂತ ಲೆಕ್ಕ.

ತಪ್ಪೊಪ್ಪಿಗೆಯ ಫಾರಂ ಅಲಮಾರಿಯಲ್ಲೇ ಇತ್ತು, ಒಂದೇ ಹಾಳೆ. ಹೆಸರು ಬರೆದೆ. ನೌಕರಿ ಸಂಖ್ಯೆ ಬರೆದೆ. ‘ಯಾವ ಕರೆ’ ಅನ್ನುವಲ್ಲಿ 212. ಒಂದೇ ಬರೆದರೆ ಅದನ್ನೇ ತೆಗೆದು ಕೇಳಿಯಾರು. ಹಿಂದಿನದು ಮುಂದಿನದು ಸೇರಿಸಿ ಅರವತ್ತು ನಂಬರು ಬರೆದೆ.

‘ವಿವರ’ ಅನ್ನುವಲ್ಲಿ ನಾಲ್ಕು ಗೆರೆ ಜಾಗ. ಇದನ್ನು ಸಾರ್ ಅವನಿಗೂ ತೋರಿಸಬೇಕಾಗುತ್ತದೆ. ಅವನು ಓದುತ್ತಾನೆ, ನಿಧಾನವಾಗಿ, ಪೇಪರ್ ಓದುವ ಹಾಗೆ. ಅದಕ್ಕೇ ದುಂಡಗೆ ಬರೆಯುತ್ತಿದ್ದೇನೆ:

ಈ ಮಹಿಳೆ ನನಗೆ ಏನೂ ಹೇಳಿಲ್ಲ. ಫೋನನ್ನು ಹಿಡಿದುಕೊಂಡು ಹದಿನಾಲ್ಕು ನಿಮಿಷ ಪ್ರಶ್ನೆ ಓದಿದ್ದು ನಾನೇ, ಉತ್ತರ ಕಟ್ಟಿದ್ದೂ ನಾನೇ. ಆಕೆ ಅಂದಿದ್ದು ಇಷ್ಟೇ, ನನಗೆ ಅಡುಗೆ ಕೆಲಸ ಇದೆ, ಆಮೇಲೆ

ಮೆಟ್ಟಿಲ ಮೇಲೆ ಸಾರ್ ಚಪ್ಪಲಿ ಸದ್ದು. ಇನ್ನೊಂದು ಗೆರೆ ಇದೆ, ಸಹಿ ಇದೆ, ಎದ್ದು ಹೋಗಿ ಅವರ ಕೈಗೇ